ಮ ಸೊನ್ನೆ ಜುನಾಥ

ಹಳೇ ವಿದ್ಯಾರ್ಥಿಗಳ ಸಂಘದ ಜಾಲತಾಣದಲ್ಲಿ 'ಮಂಜುನಾಥ' ಎಂದು ಹುಡುಕಿ. 'ಈ ಹೆಸರಿನ ಸದಸ್ಯರು ಯಾರೂ ಇಲ್ಲ' ಎಂದು ಉತ್ತರ ಬರುತ್ತದೆ. ನಮ್ಮ ಯಾವ ಶಾಲೆಯ ಯಾವ ತರಗತಿಯಲ್ಲಿ ಮಂಜುನಾಥ ಇಲ್ಲ ಸ್ವಾಮಿ? ಧರ್ಮಸ್ಥಳದಲ್ಲೇ ಇಲ್ಲ ಅಂದಷ್ಟು ಧೈರ್ಯದ ಸುಳ್ಳು ಇದು. ಸುಳ್ಳು ಹೇಳಿ ಸುಮ್ಮನಾದರೂ ಆಗಬಾರದೇ? ಅದರ ಕೆಳಗೇ ಉಪಕಾರ ಬೇರೆ: 'ಬಹುಶಃ ನೀವು ಹುಡುಕುತ್ತಿರುವುದು ಮೀನಾ?'

ಮೀನಾಳ ಕಥೆಗೆ ಆಮೇಲೆ ಬರೋಣ. ಮೊದಲು ನೋಡಬೇಕಾದ್ದು ಈ ಪೆಟ್ಟಿಗೆ ಹುಡುಕುತ್ತಿರುವುದಾದರೂ ಎಲ್ಲಿ ಅಂತ. ಪರದೆಯ ಮೇಲೆ ಕಾಣುವುದು ಒಂದು ಹೆಸರು, ಎಷ್ಟೋ ತಾಣಗಳು ತಡಕಾಡುವುದು ಲಾಗಿನ್ ಹೆಸರಿನಲ್ಲಿ. ಇವತ್ತು 'ಪ್ರಾಂಶುಪಾಲ ಕೆ.ಎಸ್. ಮಂಜುನಾಥ' ಎಂದು ರಾರಾಜಿಸುವವರು ಮೀಸೆ ಚಿಗುರುವ ಕಾಲಕ್ಕೆ ಖಾತೆ ತೆರೆದದ್ದು 'ಕೂಲ್ ಬಾಯ್ 007' ಎಂದು. ಯಂತ್ರದ ಪಾಲಿಗೆ ಅವರಿನ್ನೂ ಕೂಲ್ ಬಾಯ್. ಕೆಲವು ತಾಣಗಳು ಇಮೇಲ್‌ನಲ್ಲೂ ಹುಡುಕುತ್ತವೆ. ಗಂಡನ ಇಮೇಲ್ ಕೊಟ್ಟು ಸೇರಿದ ಶಾಂತಲಾ, ಯಾರು 'ರಮೇಶ' ಎಂದು ಒತ್ತಿದರೂ ಎದ್ದು ಬಂದು ನಿಲ್ಲುತ್ತಾರೆ. ಲಾಗಿನ್ ಹೆಸರಿನಲ್ಲಿ ಅಂಡರ್‌ಸ್ಕೋರ್ ಇದ್ದರಂತೂ ಜಾತ್ರೆ. ದತ್ತಾಂಶ ಕೋಶವನ್ನು ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ 'ಲೈಕ್' ಹುಡುಕಾಟದಲ್ಲಿ ಆ ಅಡಿಗೆರೆಗೆ 'ಇಲ್ಲಿ ಯಾವುದೋ ಒಂದು ಅಕ್ಷರ' ಎಂದೇ ಅರ್ಥ. 'ರವಿ_ಕೆ' ಕೇಳಿದರೆ 'ರವಿ1ಕೆ', 'ರವಿ-ಕೆ' ಎಲ್ಲರೂ ಹಾಜರ್. ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ಕೋಶದಲ್ಲಿ ಅಡಿಗೆರೆಗಿಂತ ಮುಂಚೆ ಒಂದು ಬ್ಯಾಕ್‌ಸ್ಲ್ಯಾಷ್ ಹಾಕಿ ಕಳಿಸಿದರೆ ಈ ಗದ್ದಲ ನಿಲ್ಲುತ್ತದೆ.

ಇಷ್ಟಾದ ಮೇಲೂ ಮಂಜುನಾಥ ಸಿಗದಿದ್ದರೆ ಅನುಮಾನ ಪಡಬೇಕಾದ್ದು ಸೊನ್ನೆಯ ಮೇಲೆ.

ಪ್ರತಿ ಸಂಘದಲ್ಲೂ ಒಬ್ಬರು ಇರುತ್ತಾರೆ. ಸದಸ್ಯರ ಪಟ್ಟಿಯನ್ನು ಟೈಪ್ ಮಾಡಿಕೊಟ್ಟವರು ಅವರೇ, ಆದ್ದರಿಂದ ಬೈಯುವ ಹಾಗಿಲ್ಲ. ಅಂಕಿಗಳೂ ಕನ್ನಡದಲ್ಲೇ ಬರುವ ಕೀಲಿಮಣೆ ಅವರದು. ಅನುಸ್ವಾರ ಬೇಕಾದಲ್ಲೆಲ್ಲ ಮೇಲಿನ ಸಾಲಿನ ಸೊನ್ನೆ ಒತ್ತುತ್ತಾರೆ, ದುಂಡಗೆ ಒಂದು ೦ ಬೀಳುತ್ತದೆ. ಮ೦ಜುನಾಥ. ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ. "ದುಂಡಗೆ ಇದೆಯಲ್ಲ ಸಾರ್, ಇನ್ನೇನು ಬೇಕು?" ಅನ್ನುತ್ತಾರೆ. ಅವರ ವಾದದಲ್ಲಿ ಹುರುಳಿಲ್ಲ ಅನ್ನುವ ಹಾಗೂ ಇಲ್ಲ. ಅನುಸ್ವಾರಕ್ಕೆ ಕನ್ನಡದಲ್ಲಿ ಸೊನ್ನೆ ಅಂತಲೇ ಹೆಸರು. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು "ಸೊನ್ನೆ ಹಾಕೋ" ಅಂದಿದ್ದರು, ಇವರು ಹಾಕಿದರು. ಪ್ರತಿ ಅಕ್ಷರಕ್ಕೂ ಒಂದು ನಂಬರು ಕೊಡುವ ಯೂನಿಕೋಡ್ ಒಪ್ಪಬೇಕಲ್ಲ! 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟ ಆ ವ್ಯವಸ್ಥೆಯಲ್ಲಿ ಅನುಸ್ವಾರದ ಮನೆ ನಂಬರು 3202, ಅಂಕಿ ಸೊನ್ನೆಯದು 3302. ನಡುವೆ ಲೆಕ್ಕವಿಟ್ಟ ಹಾಗೆ ನೂರರ ಅಂತರ.

ಪರಿಣಾಮ ನೋಡಿ. ಹೆಸರುಗಳನ್ನು ಬರೀ ಈ ಮನೆ ನಂಬರಿನ ಮೇಲೆ ಜೋಡಿಸುವ ಪಟ್ಟಿಯಲ್ಲಿ ಸರಿಯಾದ ಮಂಜುನಾಥ ಮಕಾರದ ಸಾಲಿನ ಶುರುವಿನಲ್ಲೇ, ಮಧುವಿಗಿಂತ ಮುಂಚೆ ಕೂತಿರುತ್ತಾನೆ. ಸೊನ್ನೆಯ ಮ೦ಜುನಾಥ ಮೋಹನನನ್ನೂ ದಾಟಿ ಕೊನೆಯ ಬೆಂಚಿನಲ್ಲಿ. ಇಬ್ಬರೂ ಒಂದೇ ಸೆಕ್ಷನ್, ಮುಖ ನೋಡುವ ಹಾಗಿಲ್ಲ. ಸಾಲದ್ದಕ್ಕೆ ಇದೇ ಮಹನೀಯರು ಎಂದೋ ಯಾರೋ ತಿದ್ದಿದರೆಂದು ಅನುಸ್ವಾರ ಒತ್ತುವುದನ್ನು ಕಲಿತುಬಿಡುತ್ತಾರೆ. ಕಲಿತ ಮೇಲೆ ಬಿಟ್ಟಾರೆಯೇ? ಬೆಂಗಳೂರಿನ ಪಿನ್‌ಕೋಡ್ 560001ರಲ್ಲಿ ಮೂರು ಅನುಸ್ವಾರ ಕೂರಿಸುತ್ತಾರೆ. ಅದಕ್ಕೇ ತಿದ್ದುಪಡಿ ಮಾಡುವವರು ೦ ಕಂಡಲ್ಲೆಲ್ಲ ಕಣ್ಣು ಮುಚ್ಚಿ ಂ ಮಾಡಬಾರದು. ಹಿಂದಿನದು ಕನ್ನಡದ ಅಕ್ಷರವೋ ಗುಣಿತದ ಚಿಹ್ನೆಯೋ ಆಗಿದ್ದರೆ ಬದಲಿಸಿ, ಅಂಕಿಯಾಗಿದ್ದರೆ ಮುಟ್ಟಬೇಡಿ. ಅಂಕಿಯ ಪಕ್ಕ ಅನುಸ್ವಾರ ಕಂಡರೆ ಮಾತ್ರ ಉಲ್ಟಾ.

ಸೊನ್ನೆಯಾದರೂ ಕಣ್ಣಿಗೆ ಕಾಣುತ್ತದೆ. 8204, 8205 ನಂಬರಿನವು ಕಾಣುವುದೂ ಇಲ್ಲ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು ಜ್ ಮತ್ತು ಕು ನಡುವೆ 8204 ಎಂಬ ಅಗಲವೇ ಇಲ್ಲದ ಅಕ್ಷರ ಕೂರಬೇಕು, ಇಲ್ಲದಿದ್ದರೆ ಕಕಾರ ಜಕಾರದ ಕಾಲಡಿ ಒತ್ತಾಗಿ ಸೇರಿಕೊಳ್ಳುತ್ತದೆ. ಒಬ್ಬರು ಅದನ್ನು ಹಾಕಿರುತ್ತಾರೆ, ಹುಡುಕುವವರು ಹಾಕಿರುವುದಿಲ್ಲ. 'ಗೀತಾ'ದ ದೀರ್ಘ ಕೂಡ 3264 ಎಂಬ ಒಂದೇ ಚಿಹ್ನೆಯಾಗಿರಬಹುದು, ಅಥವಾ 3263ಕ್ಕೆ 3285 ಸೇರಿ ಎರಡಾಗಿರಬಹುದು. ಇಂಥ ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ಎಂಬ ಸಿದ್ಧ ಔಷಧ ಮುಖ್ಯ ಪ್ರೋಗ್ರಾಮಿಂಗ್ ಭಾಷೆಗಳ ಲೈಬ್ರರಿಯಲ್ಲಿ ಸಿಗುತ್ತದೆ, ಒಂದೇ ಸಾಲಿನ ಕೆಲಸ. ಆದರೆ ಆ ಔಷಧ ಸೊನ್ನೆರೋಗಕ್ಕೆ ನಾಟುವುದಿಲ್ಲ. ನುಡಿ, ಬರಹಗಳ ಹಳೇ ಫಾಂಟಿನಲ್ಲಿದ್ದ ಪಟ್ಟಿಯನ್ನು ಹಾಗೇ ತಂದು ಸುರಿದಿದ್ದರೆ ಇದ್ಯಾವುದೂ ನಾಟುವುದಿಲ್ಲ. ಅದು ಒಳಗೆ ಕನ್ನಡವೇ ಅಲ್ಲ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಈಗ ಮೀನಾ. ಇವಳನ್ನು ತಂದು ನಿಲ್ಲಿಸಿದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಪದ ಬಿಡಿಸಲು ಅದರ ಮಾಮೂಲಿ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ, ಅಂದರೆ ಅಕ್ಷರಗಳ ಮಾದರಿ ಹುಡುಕುವ ಸೂತ್ರದಲ್ಲಿ, 'ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ' ಬಳಸಿದರೆ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಪದದ ಭಾಗ. ಕೊಂಬು, ದೀರ್ಘ, ಅನುಸ್ವಾರ, ಅರ್ಧಾಕ್ಷರದ ಚಿಹ್ನೆ ಎಲ್ಲ ಹೊರಗಿನವರು. ಹಾಗಾಗಿ 'ಕನ್ನಡ' ಎಂಬುದು 'ಕನ' ಮತ್ತು 'ನಡ' ಎಂದು ಎರಡು ತುಂಡು. ಮಂಜುನಾಥನದು ಇನ್ನೂ ಕಷ್ಟ: ಮ, ಜ, ನ, ಥ. ಮೀನಾ ಎಂದರೆ ಮ, ನ. ಅವಳ ಹತ್ತಿರ ಇರುವ ಎರಡೂ ಇವನಲ್ಲಿವೆ, ನೂರಕ್ಕೆ ನೂರು ಹೊಂದಾಣಿಕೆ! ಜಾತಕ ನೋಡುವವರೂ ಇಷ್ಟು ಬೇಗ ಒಪ್ಪುವುದಿಲ್ಲ. ಇದರಲ್ಲಿ ಹೊಟ್ಟೆ ಉರಿಸುವ ಸಂಗತಿ ಏನೆಂದರೆ, ಅಂಕಿಗೆ ಒಳಗೆ ಪ್ರವೇಶ ಇರುವುದರಿಂದ ಸೊನ್ನೆ ಹಾಕಿದ ಮ೦ಜುನಾಥ 'ಮ೦ಜ', 'ನ', 'ಥ' ಎಂದು ಮೂರೇ ತುಂಡಾಗುತ್ತಾನೆ. ತಪ್ಪು ಬರೆದವರಿಗೆ ರಿಯಾಯಿತಿ. 3200ರಿಂದ 3327ರವರೆಗಿನ ಇಡೀ ಕನ್ನಡದ ಓಣಿಯನ್ನೂ ಆ ಎರಡು ಅದೃಶ್ಯರನ್ನೂ ಪದದ ಒಳಗಿನವರೆಂದು ಕೈಯಾರೆ ಸೇರಿಸಬೇಕು. ಇನ್ನು ಮೈಎಸ್‌ಕ್ಯೂಎಲ್‌ನ ಪೂರ್ಣಪಠ್ಯ ಹುಡುಕಾಟಕ್ಕೆ ಕನಿಷ್ಠ ಉದ್ದದ ಮಿತಿ ಉಂಟು: ಇನ್ನೋಡಿಬಿ ಎಂಬ ಅದರ ಉಗ್ರಾಣದಲ್ಲಿ ಮಾಮೂಲಿಗೆ 3, ಹಳೆಯ ಮೈಐಸ್ಯಾಮ್ ಉಗ್ರಾಣದಲ್ಲಿ 4. ಗುಣಿತದ ಚಿಹ್ನೆ ಸೇರಿಸಿದರೂ ಮೂರೇ ಆಗುವ ರವಿ, ಉಮಾ, ಉಷಾ ಮೂವರೂ ಆ ನಾಲ್ಕರ ಲೆಕ್ಕಕ್ಕೆ ಹುಟ್ಟೇ ಇಲ್ಲ.

ರಿಪೇರಿ ಹೀಗೆ. ತೋರಿಸುವ ಹೆಸರನ್ನು ಮುಟ್ಟಬೇಡಿ, ಜಗಳ ಬರುತ್ತದೆ. ಪಕ್ಕದಲ್ಲಿ ಹುಡುಕಾಟಕ್ಕೆಂದೇ ಇನ್ನೊಂದು ಕಾಲಂ ಮಾಡಿ. ಅದಕ್ಕೆ ಎನ್‌ಎಫ್‌ಸಿ ಆಗಿ, ಸೊನ್ನೆ ತಿದ್ದಿ, ಅದೃಶ್ಯರನ್ನು ಓಡಿಸಿ, ಜೋಡಿ ಸ್ಪೇಸ್ ಒಂದಾಗಿಸಿ, ಇನಿಷಿಯಲ್‌ನ ಚುಕ್ಕಿ ತೆಗೆದು ಹೆಸರು ಇಳಿಯಲಿ. ಹುಡುಕುವವರು ಬರೆದದ್ದಕ್ಕೂ ಇದೇ ಸ್ನಾನ ಆಗಬೇಕು; ಒಂದು ಕಡೆ ಮಾತ್ರ ಮಾಡಿ ಕೈ ತೊಳೆದುಕೊಳ್ಳುವವರೇ ಹೆಚ್ಚು. ಮಂಜುನಾಥ್, ಮಂಜುನಾತ, ಮನ್ಜುನಾಥ ಇವರನ್ನೆಲ್ಲ ಒಂದು ಮಾಡಲು ಥಕಾರ ತಕಾರ, ಶ ಷ ಸ, ಹ್ರಸ್ವ ದೀರ್ಘ, ಅನುಸ್ವಾರ ಮತ್ತು ಅರ್ಧ ನಕಾರ, ಕೊನೆಯ ಅರ್ಧಾಕ್ಷರ ಮತ್ತು ಪೂರ್ಣಾಕ್ಷರಗಳನ್ನು ಸಮ ಮಾಡಬಹುದು, ಆದರೆ ಹಾಗೆ ಸಿಕ್ಕವರು ಪಟ್ಟಿಯ ಕೆಳಗಿರಲಿ. ಇಲ್ಲವಾದರೆ ಶಿಲಾಳನ್ನು ಕೇಳಿದವರಿಗೆ ಶೀಲಾ ಮೊದಲು ಬರುತ್ತಾಳೆ. ಇಂಗ್ಲಿಷಿನಲ್ಲಿ ಕೊನೆಗೆ ಒಂದು 'ಎ' ಇಟ್ಟವರು, ಇಡದವರು, ಸಂಖ್ಯಾಶಾಸ್ತ್ರದವರ ಮಾತು ಕೇಳಿ ಎರಡಿಟ್ಟವರು, ಇವರಿಗೆಲ್ಲ ಬೇರೆಯೇ ಅಡ್ಡಹೆಸರಿನ ಪಟ್ಟಿ ಬೇಕು.

ಆ ಪಟ್ಟಿ ತರಗತಿಯಲ್ಲಿ ಮೊದಲೇ ಇತ್ತು. ಉದ್ದ ಮಂಜ, ಕನ್ನಡಕದ ಮಂಜ, ಬಸ್‌ಸ್ಟ್ಯಾಂಡ್ ಮಂಜ, ತಂಬಿಟ್ಟು ತರುವ ಮಂಜ. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರು ನಾಲ್ಕು ಸಲ ಇದ್ದರೂ ಯಾರನ್ನು ಕರೆದರೆ ಯಾರು ಬರಬೇಕೋ ಅವರೇ ಬರುತ್ತಿದ್ದರು. ಮೇಷ್ಟ್ರು ಬರೀ ಗದ್ದ ಎತ್ತಿದರೂ ಸಾಕಿತ್ತು. ತಂಬಿಟ್ಟಿಗೆ ಯಾವ ಫಾರ್ಮಿನಲ್ಲೂ ಖಾನೆ ಇಲ್ಲ.

ಎಲ್ಲ ಸರಿಮಾಡಿದ ಮೇಲೆ 'ಮಂಜುನಾಥ' ಎಂದು ಒತ್ತಿದರೆ ಹನ್ನೊಂದು ಜನ ಸಾಲಾಗಿ ಬರುತ್ತಾರೆ. ಬೇಕಾದವರು ಯಾರೆಂದು ಫೋಟೋ ನೋಡಿ ಗುರುತಿಸೋಣ ಎಂದರೆ, ನಾಲ್ವರದು ಹನುಮಂತ, ಮೂವರದು ಮೊಮ್ಮಗು, ಇಬ್ಬರದು ಸೂರ್ಯಾಸ್ತ, ಒಬ್ಬರದು ಹೊಸ ಕಾರು. ಹನ್ನೊಂದನೆಯವರು ಫೋಟೋ ಹಾಕಿಲ್ಲ. ಆ ಜಾಗದಲ್ಲಿ ದುಂಡಗೆ ಒಂದು ಸೊನ್ನೆ.