ಯಾವ ದಾಖಲೆ ಎಂದು ಹಿಂಬರಹದಲ್ಲಿ ಬರೆದಿರಲಿಲ್ಲ

ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ವಿಭಾಗದ ಮೇಲ್ವಿಚಾರಕಿ. ಕಳೆದ ಬೇಸಿಗೆಯಲ್ಲಿ ಮಾನ್ವಿ ಆಚೆಯ ಹಳ್ಳಿಯ ಹಿರಿಯರೊಬ್ಬರು ಎರಡು ಬಸ್ ಬದಲಿಸಿ ಬಂದು, ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ನಮ್ಮ ವಿಭಾಗದಿಂದಲೇ ಹೋಗಿದ್ದ ಹಿಂಬರಹ ಅದು, ಅಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ. "ಉಲ್ಲೇಖಿತ ಅರ್ಜಿಯನ್ನು ಪರಿಶೀಲಿಸಲಾಗಿ, ಸದರಿ ಕೋರಿಕೆಯನ್ನು ಪರಿಗಣಿಸಲು ನಿಯಮಾನುಸಾರ ಅವಕಾಶವಿಲ್ಲದಿರುವುದರಿಂದ, ಅಗತ್ಯ ದಾಖಲೆಗಳೊಂದಿಗೆ ಮರುಸಲ್ಲಿಸುವಂತೆ ತಿಳಿಯಪಡಿಸಲಾಗಿದೆ."

"ಯವ್ವಾ, ಯಾವ ದಾಖಲೆ?" ಎಂದು ಕೇಳಿದರು.

ಕಾಗದವನ್ನು ಎರಡು ಸಲ ಓದಿದರೂ ನನಗೂ ಉತ್ತರ ಸಿಗಲಿಲ್ಲ. ಕಡತ ತರಿಸಿ ನೋಡಬೇಕಾಯಿತು. ಪಹಣಿ ಇನ್ನೂ ತೀರಿಹೋದ ಅವರ ತಂದೆಯ ಹೆಸರಿನಲ್ಲೇ ಇತ್ತು. ಮೊದಲು ಪೌತಿ ಖಾತೆ ಆಗಬೇಕಿತ್ತು, ಅಂದರೆ ತೀರಿಹೋದವರ ಹೆಸರಿನ ಜಮೀನು ವಾರಸುದಾರರ ಹೆಸರಿಗೆ ಬರಬೇಕಿತ್ತು, ಅಷ್ಟೇ. ಇದೇ ವಿಷಯಕ್ಕೆ ಅವರು ಓಡಾಡುತ್ತಿದ್ದುದು ಮೂರನೆಯ ಸಲ.

ಅದನ್ನು ಬರೆದವರು ಪದವೀಧರೆ, ಚುರುಕಾದ ಹುಡುಗಿ. ಕರೆದು ಕೇಳಿದರೆ "ಹಳೆಯ ಕಡತದಲ್ಲಿ ಹೀಗೇ ಇತ್ತು ಮೇಡಂ" ಎಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಕಲಿತದ್ದೂ ಹಾಗೆಯೇ. ಹಿಂದಿನ ಕಡತ ತೆಗೆ, ಹೆಸರು ಮತ್ತು ದಿನಾಂಕ ಬದಲಿಸು, ಸಹಿಗೆ ಇಡು. ಬರೆಯುವುದನ್ನು ನಮಗೆ ಯಾರೂ ಕಲಿಸಲೇ ಇಲ್ಲ, ನಕಲು ಮಾಡುವುದನ್ನು ಮಾತ್ರ ಕಲಿಸಿದರು.

ಕಚೇರಿಯ ಕನ್ನಡ ಯಾರಿಗೂ ತಿಳಿಯುವುದಿಲ್ಲ ಎಂದ ಕೂಡಲೇ ಹಲವರು ಪದಗಳ ಮೇಲೆ ತಪ್ಪು ಹೊರಿಸುತ್ತಾರೆ. ನಾನು ಒಪ್ಪುವುದಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನೆಲ ಇದು, ಇಲ್ಲಿನ ಆಡಳಿತ ನಡೆದದ್ದು ಉರ್ದುವಿನಲ್ಲಿ. ಅರ್ಜಿ, ಜಮೀನು, ತಹಶೀಲ್ದಾರ್ ಎಲ್ಲವೂ ಅರಬ್ಬಿ, ಪಾರಸಿಯ ದಾರಿಯಲ್ಲಿ ಬಂದ ಮಾತುಗಳು. ಶಾಲೆಯ ಮೆಟ್ಟಿಲು ಹತ್ತದವರಿಗೂ ಅವು ಅರ್ಥವಾಗುತ್ತವೆ. ಜನ ಎಡವುವುದು ಆ "ಲಾಗಿದೆ"ಯಲ್ಲಿ. ತೀರ್ಮಾನಿಸಲಾಗಿದೆ, ಸೂಚಿಸಲಾಗಿದೆ, ತಿರಸ್ಕರಿಸಲಾಗಿದೆ. ಯಾರು ತಿರಸ್ಕರಿಸಿದರು? ಯಾಕೆ? ಇನ್ನು ಯಾರ ಬಳಿ ಹೋಗಬೇಕು? ವಾಕ್ಯ ಮುಗಿದಿರುತ್ತದೆ, ಮನುಷ್ಯ ಮಾತ್ರ ಅಲ್ಲೇ ನಿಂತಿರುತ್ತಾನೆ.

ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆಗಲ್ಲಿನ ಶಾಸನವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಬೇರೆಡೆಯ ಹೆಚ್ಚಿನ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಷ್ಟೇ ಇದ್ದರೆ, ಮಸ್ಕಿಯದರಲ್ಲಿ ಅಶೋಕ ಎಂಬ ಹೆಸರೂ ಇದೆ. ಆ ಹೆಸರಿದ್ದುದರಿಂದಲೇ ಆ ಆಜ್ಞೆಗಳು ಯಾರವು ಎಂಬುದು ಗಟ್ಟಿಯಾಯಿತು. ಚಕ್ರವರ್ತಿಯೇ ಹೆಸರು ಹಾಕಿ ಮಾತನಾಡಿದ ಊರಿನವರು ನಾವು. ನಮ್ಮ ಹಿಂಬರಹದಲ್ಲಿ ಮಾತ್ರ ಯಾರೂ ಇಲ್ಲ.

ಇದರ ಬೇರು ಭಯದಲ್ಲಿದೆ. "ನಾನು ಪರಿಶೀಲಿಸಿದ್ದೇನೆ" ಎಂದು ಬರೆದರೆ ನಾಳೆ ಕಾರಣ ಕೇಳಿ ನೋಟಿಸ್ ತನಗೇ ಬರುತ್ತದೆ ಎಂಬ ಭಯ. ಅದರ ಜೊತೆಗೆ ನಾಚಿಕೆ. ನಿಮ್ಮ ಕಡೆಯ ಕನ್ನಡ ಶುದ್ಧವಲ್ಲ ಎಂದು ಕೇಳಿ ಕೇಳಿ ಬೆಳೆದ ಮಕ್ಕಳು ದೊಡ್ಡ ದೊಡ್ಡ ಪದಗಳ ಹಿಂದೆ ಅಡಗುತ್ತಾರೆ. ಒಂದು ದಿನದ ತರಬೇತಿಯಲ್ಲಿ ಒತ್ತಕ್ಷರದ ಪಟ್ಟಿ ಹಂಚಿದರೆ ಇದು ಹೋಗುವುದಿಲ್ಲ. ಕರಡಿನ ಮೇಲೆ ಕೆಂಪು ಶಾಯಿಯಲ್ಲಿ "ಸರಿಯಾಗಿ ಬರೆಯಿರಿ" ಎಂದು ಷರಾ ಹಾಕಿ ಹಿಂದಿರುಗಿಸಿದರಂತೂ ಇನ್ನೂ ಹೆಚ್ಚುತ್ತದೆ. ಆ ಷರಾವನ್ನು ನಾನೂ ವರ್ಷಗಟ್ಟಲೆ ಹಾಕಿದ್ದೇನೆ. ಸರಿ ಎಂದರೆ ಹೇಗೆ ಎಂದು ಒಂದು ದಿನವೂ ಹೇಳಿರಲಿಲ್ಲ.

ಅಂದು ಆ ಹುಡುಗಿಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡೆ. "ಕಾಗದ ಬದಿಗಿಡಿ. ಅಜ್ಜ ಎದುರಿಗೇ ಇದ್ದಾರೆ, ಅವರಿಗೆ ಬಾಯಲ್ಲಿ ಹೇಳಿ" ಎಂದೆ. ಒಂದೇ ಉಸಿರಿಗೆ ಹೇಳಿಬಿಟ್ಟರು. "ಅಜ್ಜಾ, ಪಹಣಿ ನಿಮ್ಮ ತಂದೆಯ ಹೆಸರಲ್ಲಿದೆ. ಅವರ ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆದುಕೊಂಡು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಡಿ. ನಿಮ್ಮ ಹೆಸರಿಗೆ ಆದ ಮೇಲೆ ಹೊಸ ಪಹಣಿ ತನ್ನಿ, ಈ ಅರ್ಜಿಯನ್ನು ತೆಗೆದುಕೊಳ್ಳುತ್ತೇವೆ." ಅದನ್ನೇ ಬರೆಯಿರಿ ಎಂದೆ. "ಇಷ್ಟು ಸರಳವಾಗಿ ಬರೆದರೆ ಸಾಹೇಬರು ಒಪ್ಪುತ್ತಾರಾ ಮೇಡಂ?" ಎಂದು ಕೇಳಿದರು. ಆ ಪ್ರಶ್ನೆ ಈಗಲೂ ನನ್ನನ್ನು ಕೊರೆಯುತ್ತದೆ.

ಒಪ್ಪಲೇಬೇಕು. ಮಾಹಿತಿ ಹಕ್ಕು ಕಾಯ್ದೆ ಬಂದು (2005) ಎರಡು ದಶಕ ದಾಟಿತು. ಮಾಹಿತಿ ಕೊಡಲು ನಿರಾಕರಿಸುವುದಾದರೆ ಕಾರಣ ಏನು, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂಬ ಮೂರನ್ನೂ ತಿಳಿಸಬೇಕೆಂದು ಅದರ 7ನೇ ಪ್ರಕರಣ ಹೇಳುತ್ತದೆ. ಅರ್ಜಿ ಯಾವುದೇ ಇರಲಿ, ಇಲ್ಲ ಎನ್ನುವ ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಅಚ್ಚು ಬೇಕೇ? ನಮ್ಮ ವಿಭಾಗದಲ್ಲಿ ಈಗ ಈ ಮೂರಕ್ಕೂ ಉತ್ತರವಿಲ್ಲದ ಹಿಂಬರಹ ನನ್ನ ಮೇಜು ದಾಟುವುದಿಲ್ಲ.

ಊಟದ ಬಿಡುವಿನ ನಂತರ ಅರ್ಧ ಗಂಟೆ ಒಬ್ಬರ ಕರಡು ಹಿಡಿದು ಅವರ ಜೊತೆ ಕೂರುತ್ತೇನೆ. ತಿದ್ದುವುದು ಪೆನ್ಸಿಲಿನಲ್ಲಿ, ಅದೂ ಅವರ ಕೈಯಿಂದಲೇ. ಎಲ್ಲ ದಿನ ಆಗುವುದಿಲ್ಲ. ವಿಧಾನಸಭೆಯ ಪ್ರಶ್ನೆ ಬಂತೆಂದರೆ ಎಲ್ಲವೂ ಬದಿಗೆ ಸರಿಯುತ್ತದೆ. ಆದರೂ ಬಿಟ್ಟಿಲ್ಲ. ಇದೇ ಕೆಲಸದಲ್ಲಿರುವ ಕೊಪ್ಪಳ, ಬಳ್ಳಾರಿಯ ಗೆಳೆಯರೇ, ನಿಮ್ಮ ಕೈಕೆಳಗೆ ಹೊಸದಾಗಿ ಸೇರಿದ ಒಬ್ಬರಿಗಾದರೂ ಆ ಅರ್ಧ ಗಂಟೆ ಕೊಡಿ.

ಹೋದ ವಾರ ಎಡದಂಡೆ ಕಾಲುವೆಯ ಕೊನೆಭಾಗದ ದೂರಿನ ಬಗ್ಗೆ ಅದೇ ಹುಡುಗಿ ಟಿಪ್ಪಣಿ ಮಂಡಿಸಿದ್ದರು. ಮೊದಲ ಸಾಲು ಹೀಗಿತ್ತು: "ಮಂಗಳವಾರ ನಾನು ಸ್ಥಳಕ್ಕೆ ಹೋಗಿ ನೋಡಿದ್ದೇನೆ, ಕಾಲುವೆಯಲ್ಲಿ ನೀರಿಲ್ಲ." ಒಂದಕ್ಷರವನ್ನೂ ಮುಟ್ಟದೆ ಮೇಲಕ್ಕೆ ಕಳಿಸಿದೆ. ಸಂಜೆಯೊಳಗೆ ಸಹಿಯಾಗಿ ಬಂತು.