ಗೆರೆಯಾಚೆಯ ಲ್ಯಾಪ್‌ಟಾಪು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪೆನಿ ಭದ್ರತಾ ಅಪ್‌ಡೇಟ್ ನಿಲ್ಲಿಸಿ ವಿಂಡೋಸ್ 10 ತೀರಿಕೊಂಡಿತಲ್ಲ, ಅದರ ಉತ್ತರಕ್ರಿಯೆ ಇನ್ನೂ ಮುಗಿದಿಲ್ಲ. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಏಳನೆಯದಾದರೆ? ಹೊರಗೆ. ಕಾಸರಗೋಡಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕೇ ಮಾರಾಯ್ರೇ? ಎಲ್ಲೋ ಕೂತವರು ಗೆರೆ ಎಳೆದರೆ ಬೆಳಗಾಗುವಾಗ ನಾವು ಬೇರೆ ಕಡೆಯವರು. ನಮ್ಮನ್ನು ಕೇರಳಕ್ಕೆ ಸೇರಿಸಿದ 1956ರ ನವೆಂಬರ್ 1ರಿಂದ ಅಭ್ಯಾಸ ಉಂಟು. ಮಹಾಜನ ವರದಿ ಚಂದ್ರಗಿರಿ ಹೊಳೆಯನ್ನು ಗೆರೆ ಮಾಡಿತು, ಕಂಪೆನಿ ಏಳು ಎಂಟರ ನಡುವೆ ಒಂದು ಹೊಳೆ ಹರಿಸಿತು. ವ್ಯತ್ಯಾಸ ಇಷ್ಟೇ: ಕಂಪೆನಿಯ ವರದಿ ಜಾರಿಯಾಯಿತು.

ಹಾಗಂತ ಕಲ್ಲು ಮನಸ್ಸಿನವರಲ್ಲ. ಏಳನೇ ತಲೆಮಾರಿನ 7820ಎಚ್‌ಕ್ಯೂ ಎಂಬ ಪ್ರೊಸೆಸರಿಗೆ ವಿನಾಯಿತಿ ಕೊಟ್ಟಿದ್ದಾರೆ. ಅದು ಕೂತಿದ್ದದ್ದು ಕಂಪೆನಿಯೇ ಮಾರಿದ ಸರ್ಫೇಸ್ ಸ್ಟುಡಿಯೊ 2ರ ಒಳಗೆ. ಕಾಕತಾಳೀಯ ಇರಬೇಕು. ಧಣಿಗಳ ಮನೆಯ ದನ ಬೇಲಿ ಹಾರಿದರೆ ಅದಕ್ಕೆ ಕಳ್ಳಮೇವು ಅನ್ನುವುದಿಲ್ಲ, ಗಾಳಿಸೇವನೆ ಅನ್ನುತ್ತಾರೆ. ಉಳಿದ ದನಗಳಿಗೆ ಭದ್ರತಾ ಅಪ್‌ಡೇಟಿನ ಒಂದು ವರ್ಷದ ವಾಯಿದೆ ಕೊಟ್ಟರು: 30 ಡಾಲರ್ ಕೊಡಿ, ಇಲ್ಲವೇ ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1000 ಪಾಯಿಂಟ್ ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗ್ಸ್ ಎಲ್ಲ ಅವರ ಕ್ಲೌಡಿಗೆ ಒಪ್ಪಿಸಿ.

ಇನ್ನು ಊರಿನ ಲ್ಯಾಪ್‌ಟಾಪ್ ವೈದ್ಯರ ವಿಷಯ. ಸ್ವಿಚ್ ಒತ್ತಿ, ಚಾ ಮಾಡಿ, ಕುಡಿದು, ಲೋಟ ತೊಳೆದು ಬಂದರೂ ಪರದೆಯಲ್ಲಿ ಚಕ್ರ ತಿರುಗುತ್ತಾ ಇದ್ದರೆ ಅಂಗಡಿಯ ಮದ್ದು ಒಂದೇ: ಫಾರ್ಮ್ಯಾಟ್. ಆರು ತಿಂಗಳು ಬಿಟ್ಟು ಮತ್ತೆ ಫಾರ್ಮ್ಯಾಟ್. ಕಾಲು ಮುರಿದವನಿಗೆ ಕ್ಷೌರ ಮಾಡಿಸಿದ ಹಾಗೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಕಾಣುತ್ತದಲ್ಲ, ಪ್ರೊಸೆಸರ್ ಹತ್ತು ಶೇಕಡಾ ಕೆಲಸ ಮಾಡಿ ಆಕಳಿಸುತ್ತಿದೆ, ಡಿಸ್ಕ್ ಮಾತ್ರ 100ರಲ್ಲಿ ಏದುಸಿರು ಬಿಡುತ್ತಿದೆ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ಮುಳ್ಳು ಚದುರಿದ ಸಣ್ಣ ಫೈಲುಗಳಿಗಾಗಿ ಸೆಕೆಂಡಿಗೆ ನೂರು ಸಲ ಓಡಾಡುವುದೂ ಕಷ್ಟ. ಎಸ್‌ಎಸ್‌ಡಿಗೆ ಅಂದರೆ ಚಿಪ್ಪಿನಲ್ಲೇ ಫೈಲು ಇಡುವ ಡಿಸ್ಕಿಗೆ ಮುಳ್ಳೇ ಇಲ್ಲ, ಸಾವಿರಾರು ಸಲ ತರುತ್ತದೆ. 2.5 ಇಂಚಿನ ಸಾಟಾ (ಹಳೆಯ ಲ್ಯಾಪ್‌ಟಾಪುಗಳ ಡಿಸ್ಕ್ ಜೋಡಣೆ) ಎಸ್‌ಎಸ್‌ಡಿ, 7 ಮಿ.ಮೀ. ದಪ್ಪದ್ದು, ಹಳೆಯ 9.5 ಮಿ.ಮೀ. ಗೂಡಿನಲ್ಲೂ ಕೂರುತ್ತದೆ. ಅಲುಗಾಡಿದರೆ ಒಂದು ಪ್ಲಾಸ್ಟಿಕ್ ಚೌಕಟ್ಟು ಸಾಕು. ಯುಎಸ್‌ಬಿ ಸಾಟಾ ಕೇಬಲ್‌ನಲ್ಲಿ ಸಿಕ್ಕಿಸಿ ಇದ್ದದ್ದನ್ನೆಲ್ಲ ಕ್ಲೋನ್, ಅಂದರೆ ಹಾಗೇ ನಕಲು, ಮಾಡಬಹುದು. ಹೊಸದು ಚಿಕ್ಕದಾದರೆ ಹಳೆಯ ಡಿಸ್ಕಿನ ಪಾರ್ಟಿಷನ್ (ವಿಭಾಗ) ಮೊದಲೇ ಕುಗ್ಗಿಸಿಕೊಳ್ಳಬೇಕು, ಇಲ್ಲದಿದ್ದರೆ ನಡುದಾರಿಯಲ್ಲಿ ನಿಲ್ಲುತ್ತದೆ. ನಾಲ್ಕು ಸ್ಕ್ರೂವಿನ ಈ ಕೆಲಸ ಅಂಗಡಿಯವನಿಗೆ ಗೊತ್ತಿಲ್ಲವೇ? ಗೊತ್ತುಂಟು. ಒಮ್ಮೆ ಮಾಡಿದರೆ ಗಿರಾಕಿ ಮತ್ತೆ ಬರುವುದಿಲ್ಲ ಎನ್ನುವುದೂ ಗೊತ್ತುಂಟು.

ರ‍್ಯಾಮ್ ವಿಷಯದಲ್ಲಿ ಇನ್ನೂ ಚಂದ. ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ಕೊಡುವುದು 1.5 ವೋಲ್ಟಿನ ಬರೀ ಡಿಡಿಆರ್3. ಎರಡಕ್ಕೂ 204 ಪಿನ್, ಕಚ್ಚೂ ಒಂದೇ ಕಡೆ, ಅಚ್ಚುಕಟ್ಟಾಗಿ ಕೂರುತ್ತದೆ. ಯಂತ್ರ ಮಾತ್ರ ಏಳುವುದಿಲ್ಲ. ಆಗ ತೀರ್ಪು: "ಬೋರ್ಡು ಹೋಯಿತು, ಹೊಸದು ತಕ್ಕೊಳ್ಳಿ."

ಫ್ಯಾನಿನೊಳಗೆ ಮುರಕಲ್ಲಿನ ಕೆಂಪು ಧೂಳು ತುಂಬಿ ಬಿಸಿಯಾಗುವುದೂ ಇಲ್ಲಿ ಮಾಮೂಲು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಲ್ಲಿ ಹಿಡಿದುಕೊಳ್ಳಬೇಕು, ಬಿಟ್ಟರೆ ಗಿರ್ರನೆ ತಿರುಗಿ ಬೇರಿಂಗ್ ಹಾಳು. ಪ್ರೊಸೆಸರಿನ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ ಕುಚ್ಚಲಕ್ಕಿಯ ಒಂದು ಕಾಳಿನಷ್ಟು ಹೊಸದು ಇಟ್ಟರಾಯಿತು. ದೋಸೆಗೆ ತುಪ್ಪ ಹಚ್ಚಿದ ಹಾಗೆ ಮೆತ್ತುವವರೇ ಜಾಸ್ತಿ.

ನಗು ಇಲ್ಲಿಗೆ ಸಾಕು. ಸುಸ್ಥಿತಿಯಲ್ಲಿರುವ ಯಂತ್ರವನ್ನು ಕೆಟ್ಟಿದೆ ಎಂದು ಹೇಳಿಸಿ ಗುಜರಿಗೆ ಹಾಕಿಸುವುದು ಮೋಸ. ಕಂಪೆನಿ ಮಾಡಿದರೂ ಮೋಸ, ಗಲ್ಲಿಯ ಅಂಗಡಿ ಮಾಡಿದರೂ ಮೋಸ. ಅಡಕೆ ಮಾರಿದ ದುಡ್ಡಲ್ಲಿ ಮಗಳಿಗೆ ಲ್ಯಾಪ್‌ಟಾಪ್ ತೆಗೆಸಿಕೊಟ್ಟವರ ಹತ್ತಿರ ಭದ್ರತೆಯ ಪಾಠ ಹೇಳಿ ಅದನ್ನೇ ಎರಡನೇ ಸಲ ಮಾರುವುದಕ್ಕೆ ನಾಚಿಕೆ ಬೇಡವೇ?

ತಮಾಷೆ ಎಂದರೆ, ಆ ಮಗಳು ಕನ್ನಡ ಮಾಧ್ಯಮ ಶಾಲೆಯಲ್ಲಿ ದಿನವೂ ಬಳಸುವುದು ವಿಂಡೋಸನ್ನೇ ಅಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಇರುವುದು ಅಲ್ಲಿನ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್ ಕೊಟ್ಟ ಗ್ನೂ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ, ಉಬುಂಟು ಎಂಬ ಲಿನಕ್ಸಿನಿಂದ ಮಾಡಿದ್ದು, ಪುಕ್ಕಟೆ. ಅದಕ್ಕೆ ಏಳು ಎಂಟರ ಜಾತಿಭೇದವಿಲ್ಲ. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಹತ್ತು ವರ್ಷದ ಯಂತ್ರದಲ್ಲೂ ಓಡುತ್ತದೆ. ಮಗಳಿಗೆ ಗೊತ್ತಿರುವುದನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ, ಅಂಗಡಿಯವನನ್ನು ಕೇಳುತ್ತಾರೆ.

ತೊಡಕು ಇಲ್ಲವೆಂದಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳು ಲಿನಕ್ಸಿನಲ್ಲಿ ತೆರೆದರೆ ಕನ್ನಡವೂ ಅಲ್ಲ, ಮಲಯಾಳವೂ ಅಲ್ಲ, ಬರೀ ಗೀಚು. ವಿಂಡೋಸ್ ಅಳಿಸುವ ಮೊದಲೇ ಅವನ್ನೆಲ್ಲ ಯುನಿಕೋಡಿಗೆ ಪರಿವರ್ತಿಸಿ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಿ. ಟೈಪಿಂಗ್‌ಗೆ ಹೆದರಬೇಡಿ, ಲಿನಕ್ಸಿನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನಲ್ಲಿ ನುಡಿಯ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯೇ ಉಂಟು.