ಎಂಟು ಅಂದ್ರೆ ಎಂಟೂವರೆ, ಆಮೆನ್

ಹೋದ ತಿಂಗಳು ನಮ್ಮ ಚರ್ಚಲ್ಲಿ ಪ್ರಕಟಣೆ ಓದೋ ಹೊತ್ತಿಗೆ ಸೆಕ್ರೆಟರಿ ಕನ್ನಡಕ ಮೇಲೆ ತಳ್ಕೊಂಡು ಕಮಿಟಿಯ ಒಂದು ಐತಿಹಾಸಿಕ ತೀರ್ಮಾನ ಓದಿದ್ರು. 8.30ರ ಆರಾಧನೆಗೆ ಸಭೆಯವರು ಒಂಬತ್ತಕ್ಕೆ ಬರ್ತಾ ಇರೋದ್ರಿಂದ ಇನ್ಮೇಲೆ ಬೋರ್ಡಲ್ಲಿ 8.00 ಅಂತ ಬರೆಸೋದು, ಶುರು ಮಾಡೋದು ಮಾತ್ರ 8.30ಕ್ಕೇ, "ಇದು ನಮ್ಮ ನಮ್ಮಲ್ಲೇ ಇರಲಿ, ಯಾರಿಗೂ ಹೇಳಬೇಡಿ". ಇದನ್ನ ಅವರು ಮೈಕಲ್ಲಿ ಹೇಳಿದ್ದು. ಹೊರಗಿನ ಸ್ಪೀಕರ್ ಆನ್ ಇತ್ತು, ಎದುರುಗಡೆ ಎಳನೀರು ಮಾರೋನಿಗೂ ಗೊತ್ತಾಯ್ತು.

ಎಂಥಾ ತಲೆ ಸ್ವಾಮಿ ಇವರದ್ದು! ಈಗ ಏನಾಗಿದೆ ಅಂದ್ರೆ, ಒಂಬತ್ತಕ್ಕೆ ಬರೋರು ಒಂಬತ್ತಕ್ಕೇ ಬರ್ತಾ ಇದಾರೆ, ಅವರಿಗೆ ಒಳಗಿನ ಸುದ್ದಿ ಗೊತ್ತಿದೆಯಲ್ಲ. ಬೋರ್ಡ್ ನಂಬೋ ಆರೇಳು ಜನ ಮಾತ್ರ ಎಂಟಕ್ಕೆ ಬಂದು ಫ್ಯಾನ್ ತಿರುಗೋದು ನೋಡ್ತಾ ಕೂತಿರ್ತಾರೆ. ಸುಳ್ಳು ಸಾಕ್ಷಿ ಹೇಳಬಾರದು ಅಂತ ಬೈಬಲಿನ ಹತ್ತು ಆಜ್ಞೆಲಿ ಒಂದಿದೆಯಲ್ಲ ಸಾರ್ ಅಂತ ಸೆಕ್ರೆಟರಿಗೆ ಅಂದೆ. ಅದು ನೆರೆಯವನ ಮೇಲೆ ಹೇಳಬಾರದು ಅಂತ ಇರೋದು, ಗಡಿಯಾರದ ಮೇಲೆ ಅಂತ ಎಲ್ಲಿದೆ ತೋರಿಸಿ ಅಂದ್ರು. ತೋರಿಸೋಕಾಗ್ಲಿಲ್ಲ.

ಬೈಬಲ್ ವಿಷ್ಯದಲ್ಲಿ ನಮ್ಮ ಲೇಟ್ ಪಾರ್ಟಿಯವರನ್ನ ಮೀರಿಸೋರಿಲ್ಲ. ಮತ್ತಾಯ 20ನೇ ಅಧ್ಯಾಯ ಬಾಯಿಪಾಠ. ದ್ರಾಕ್ಷಿತೋಟಕ್ಕೆ ಬೆಳಗ್ಗೆ ಬಂದೋನಿಗೂ ಒಂದೇ ಕೂಲಿ, ಸಂಜೆ ಐದಕ್ಕೆ ಬಂದೋನಿಗೂ ಅದೇ ಕೂಲಿ, ದೇವರೇ ಹಂಗೆ ಕೊಟ್ಟ ಮೇಲೆ ನಿಮ್ಮದೇನು ಅಂತಾರೆ. ಅಲ್ಲ, ಆ ಕೂಲಿಯವರು ಪೇಟೆಬೀದೀಲಿ ನಿಂತಿದ್ದು ಯಾರೂ ಕೆಲಸಕ್ಕೆ ಕರೀಲಿಲ್ಲ ಅಂತ ಕಣ್ರೀ, ನಿಮ್ಮನ್ನ ಕರೆದೂ ಕರೆದೂ ಗಂಟೆ ಹೊಡೆಯೋನ ಕೈಗೆ ಬೊಬ್ಬೆ ಬಂದಿದೆ. ಇನ್ನೈದು ಅಧ್ಯಾಯ ಮುಂದಕ್ಕೆ ಹೋದ್ರೆ ಮದುಮಗನಿಗೆ ಕಾಯ್ತಿದ್ದ ಹತ್ತು ಜನ ಕನ್ಯೆಯರ ಕಥೆ, ದೀಪಕ್ಕೆ ಎಣ್ಣೆ ತರೋಕೆ ಹೋದ ಐವರು ವಾಪಸ್ ಬರೋಷ್ಟರಲ್ಲಿ ಬಾಗಿಲು ಹಾಕಿತ್ತು. ಆ ಪುಟ ಮಾತ್ರ ಯಾರ ಬೈಬಲಲ್ಲೂ ಇದ್ದಂಗಿಲ್ಲ.

ಆ ಕಥೇಲಿ ತಡ ಮಾಡಿದ್ದು ಮದುಮಗ, ನಡುರಾತ್ರಿಗೆ ಬಂದ. ನಮ್ಮಲ್ಲಿ ಮದುಮಗಳು, ಬ್ಯೂಟಿ ಪಾರ್ಲರಿಂದ. ಕಾರ್ಡಲ್ಲಿ "10.00 ಗಂಟೆಗೆ ಸರಿಯಾಗಿ" ಅಂತಿರುತ್ತೆ, ಆ "ಸರಿಯಾಗಿ" ಯಾಕೆ ಹಾಕಿಸ್ತಾರೋ ಪ್ರಿಂಟಿಂಗ್ ಪ್ರೆಸ್‌ನೋನಿಗೇ ಗೊತ್ತು. ಆರ್ಗನ್ ನುಡಿಸೋ ಹುಡುಗ ಬಂದಿದ್ದನ್ನೆಲ್ಲ ನುಡಿಸಿ ಮುಗಿಸಿ ಕೊನೆಗೆ ಏಪ್ರಿಲಲ್ಲಿ ಕ್ರಿಸ್‌ಮಸ್ ಹಾಡಿಗೆ ಇಳಿದಿದ್ದನ್ನ ನಾನೇ ಕೇಳಿದೀನಿ. ಪಕ್ಕದ ಛತ್ರದಲ್ಲಿ 10.20ರಿಂದ 11.05ರೊಳಗೆ ಮುಹೂರ್ತ ಅಂದ್ರೆ ಕರೆಂಟ್ ಹೋಗ್ಲಿ ಮಳೆ ಬರ್ಲಿ ಅಷ್ಟರೊಳಗೆ ತಾಳಿ ಬಿದ್ದಿರುತ್ತೆ. ನಮಗೆ ರಾಹುಕಾಲ ಇಲ್ಲ, ಗುಳಿಕಕಾಲ ಇಲ್ಲ, ಅವೆಲ್ಲ ಮೂಢನಂಬಿಕೆ ಅಂತ ನಮ್ಮಜ್ಜನ ಕಾಲಕ್ಕೇ ಬಿಟ್ಟಾಯ್ತು. ಜೊತೆಗೆ ಗಡಿಯಾರಾನೂ ಒಂದು ಮೂಢನಂಬಿಕೆ ಅಂತ ಬಿಟ್ಬಿಟ್ವೇನೋ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನೋರು 1834ರಲ್ಲಿ ಮಂಗಳೂರಿಗೆ ಬಂದ್ರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ರು, 1894ರಲ್ಲಿ ಕಿಟ್ಟೆಲ್ ಸಾಹೇಬರ ನಿಘಂಟು ಅಚ್ಚು ಹಾಕಿದ್ರು. ಹೆಂಚು ಉಳಿಸ್ಕೊಂಡ್ವಿ, ನಿಘಂಟು ಉಳಿಸ್ಕೊಂಡ್ವಿ, ಗಂಟೆ ಹೊಡೆದಾಗ ಬರೋದೊಂದು ಹಡಗಲ್ಲೇ ವಾಪಸ್ ಕಳಿಸಿದ್ವಿ.

ಈ ರೋಗ ಹಳೇದು ಬಿಡಿ. ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ ಬರೆದ ನಿಯಮದ 43ನೇ ಅಧ್ಯಾಯ ಪೂರ್ತಿ ಲೇಟಾಗಿ ಬರೋರ ಬಗ್ಗೆನೇ. ರಾತ್ರಿ ಪ್ರಾರ್ಥನೆ ಶುರುವಲ್ಲಿ ಬರೋ ಒಂದು ಕೀರ್ತನೆ, ನಮ್ಮ ಬೈಬಲಲ್ಲಿ 95, ಬೇಕಂತಲೇ ಎಳೆದೆಳೆದು ನಿಧಾನ ಹಾಡಿ ಅಂತಾನೆ, ಪಾಪ ನಿದ್ದೆಗಣ್ಣಲ್ಲಿ ಓಡಿ ಬರೋರಿಗೆ ಸಿಗಲಿ ಅಂತ. ಅಷ್ಟಾದ್ಮೇಲೂ ಬಂದೋನು ತನ್ನ ಜಾಗಕ್ಕೆ ಹೋಗಂಗಿಲ್ಲ, ಎಲ್ಲರ ಕಣ್ಣಿಗೆ ಬೀಳೋ ಹಂಗೆ ಕೊನೇಲಿ ನಿಲ್ಲಬೇಕು. ಹೊರಗೆ ನಿಲ್ಲಿಸಬೇಡಿ ಅಂತ ಬೇರೆ ಬರೀತಾನೆ, ಹೊರಗೆ ಬಿಟ್ರೆ ವಾಪಸ್ ಹೋಗಿ ಮಲಗ್ತಾರೆ ಇಲ್ಲಾ ಕೂತು ಹರಟೆ ಹೊಡೀತಾರಂತೆ. ಪುಣ್ಯಾತ್ಮ ನಮ್ಮ ಬೇವಿನ ಮರದ ಕೆಳಗೆ ಯಾವತ್ತು ಬಂದು ನಿಂತಿದ್ನೋ ಗೊತ್ತಿಲ್ಲ. ಆದ್ರೆ ನಮ್ಮಲ್ಲಿ ಕೊನೇ ಬೆಂಚು ತುಂಬಿಸೋರು ಮೊದಲು ಬಂದೋರು. ಲೇಟಾಗಿ ಬಂದೋರು ಮುಂದಿನ ಸಾಲು ಮಾತ್ರ ಖಾಲಿ ಇರೋದ್ರಿಂದ, ಪಾಪದ ಅರಿಕೆ ನಡೀತಿರೋವಾಗ, ಶೂ ಟಕಟಕ ಅನ್ನಿಸ್ಕೊಂಡು ನಡುವಿನ ದಾರೀಲಿ ಮೆರವಣಿಗೆ ಹೋಗ್ತಾರೆ.

ಮುಗಿಸೋ ಟೈಮ್ ಬಗ್ಗೆ ಬರೆಯಲ್ಲ, ಪ್ರಸಂಗ ಮಾಡೋ ಅಯ್ಯನವರು ಇದನ್ನ ಓದ್ತಾರೆ. ಪೌಲನು ನಡುರಾತ್ರಿ ತನಕ ಪ್ರಸಂಗ ಮಾಡಿದಾಗ ಕಿಟಕೀಲಿ ಕೂತಿದ್ದ ಹುಡುಗ ತೂಕಡಿಸಿ ಮೂರನೇ ಅಂತಸ್ತಿಂದ ಬಿದ್ದ, ಅವನನ್ನ ಬದುಕಿಸಿ ಮೇಲೆ ಹತ್ತಿ ಹೋಗಿ ಬೆಳಗಾಗೋವರೆಗೂ ಮತ್ತೆ ಮಾತಾಡಿದ ಅಂತಿದೆ ಬೈಬಲಿನ ಅಪೊಸ್ತಲರ ಕೃತ್ಯಗಳು 20ರಲ್ಲಿ. ನಮ್ಮದು ಒಂದೇ ಅಂತಸ್ತು, ಅದೊಂದು ಸಮಾಧಾನ. ನಮ್ಮದಾದ್ಮೇಲೆ ಇರೋ ತಮಿಳು ಆರಾಧನೆಯೋರು ಬಾಗಿಲಲ್ಲಿ ನಿಂತು ಕೆಮ್ಮೋಕೆ ಶುರು ಮಾಡಿದ್ರೆ ಆಶೀರ್ವಾದ ಹತ್ತಿರ ಬಂತು ಅಂತ ಅರ್ಥ.

ಇಷ್ಟೂ ನಗೋ ವಿಷ್ಯ. ನಗು ಬರದೇ ಇರೋದು ಸೋಮವಾರ. ಅದೇ ಕಾಂಪೌಂಡಲ್ಲಿ ನಮ್ಮದೇ ಸ್ಕೂಲಿದೆ, ಬೆಲ್ ಹೊಡೆದು ಎರಡು ನಿಮಿಷಕ್ಕೆ ಗೇಟ್ ಬಂದ್. ಬಸ್ ಸಿಗದೆ ಲೇಟಾದ ಆರನೇ ಕ್ಲಾಸಿನ ಮಗು ಬ್ಯಾಗ್ ಹೊತ್ಕೊಂಡು ಬಿಸಿಲಲ್ಲಿ ನಿಂತಿರುತ್ತೆ, ಡೈರೀಲಿ ಕೆಂಪು ಇಂಕಲ್ಲಿ ಬರೆಸ್ಕೋಬೇಕು, ಅಪ್ಪ ಕೂಲಿ ಬಿಟ್ಟು ಬಂದು ಸೈನ್ ಹಾಕಬೇಕು. ಆ ರೂಲ್ ಮಾಡಿದ ಕಮಿಟಿಯವರೇ ಭಾನುವಾರ ಒಂಬತ್ತೂ ಹತ್ತಕ್ಕೆ ಕಾರ್ ರಿವರ್ಸ್ ತಗೋತಾ ಹಾರ್ನ್ ಹೊಡೀತಿರ್ತಾರೆ. ನಾಚಿಕೆ ಆಗಲ್ವಾ? ಹನ್ನೊಂದು ವರ್ಷದ ಮಗೂಗೆ ಇಲ್ಲದ ಕ್ಷಮೆ ಐವತ್ತು ದಾಟಿದೋರಿಗೆ ಎಲ್ಲಿಂದ ಬರುತ್ತೆ? ನೈಟ್ ಡ್ಯೂಟಿ ಮುಗಿಸಿ ಮನೆಗೂ ಹೋಗದೆ ನೇರ ಬರೋ ನರ್ಸ್ ಒಬ್ಬರಿದಾರೆ, ಅವರ ನಿದ್ದೇಲಿ ಅರ್ಧ ಗಂಟೆ ವಾರ ವಾರ ಕದೀತಾ ಇದೀವಿ. ಕದಿಯಬಾರದು ಅಂತಾನೂ ಒಂದು ಆಜ್ಞೆ ಇತ್ತು.

ಹೋದ ವಾರ ಬೇಗ ಹೋಗಿದ್ದೆ. ಬೀಗದ ಕೈ ಇರೋರು ಇನ್ನೂ ಬಂದಿರ್ಲಿಲ್ಲ. ಮೆಟ್ಟಿಲ ಮೇಲೆ ಎರಡು ಬಸ್ ಬದಲಾಯಿಸಿ ಬರೋ ಅಜ್ಜಿಯೊಬ್ಬರು ಬಟ್ಟೆ ಅಂಗಡಿ ಕವರಲ್ಲಿ ಸುತ್ತಿದ ಬೈಬಲ್ ತೊಡೆ ಮೇಲಿಟ್ಕೊಂಡು ಕೂತಿದ್ರು. ಬೋರ್ಡಿನ ಹೊಸ ಬಣ್ಣ ಫಳಫಳ ಅಂತಿತ್ತು.

"ಎಂಟಾಯ್ತೇನಪ್ಪಾ?"

ವಾಚ್ ನೋಡ್ಕೊಂಡೆ. ಎಂಟೂ ಇಪ್ಪತ್ತು.

"ಇನ್ನೂ ಇಲ್ಲಮ್ಮ" ಅಂದೆ.